ಮಾವನ ಜೊತೆ ಕೆಮ್ಮಿದ ಆಂಪ್ಲಿಫೈಯರ್

"ಅಳಿಯಂದ್ರೇ, ಗಿಟಾರ್ ಮಂಚದ ಮೇಲಿದೆ. ವೈರೂ ಕಿತ್ತಿದ್ದೀನಿ. ಆದ್ರೂ ನಾನು ಕೆಮ್ಮಿದ್ರೆ ಇದೂ ಕೆಮ್ಮುತ್ತಲ್ಲ, ಯಾಕೆ?"

ಮಾವನ ಈ ಪ್ರಶ್ನೆ ಕೇಳಿ ಅಳಿಯ ಆಂಪ್ಲಿಫೈಯರ್ ಪೆಟ್ಟಿಗೆಯ ಸುತ್ತ ಎರಡು ಸುತ್ತು ಹಾಕಿ ತಲೆ ಕೆರೆದುಕೊಂಡ. ಕಪ್ಪುಕುಳಿಯಿಂದ ಹಿಡಿದು ಜಿರಲೆಯ ನರಮಂಡಲದವರೆಗೆ ಓದಿಕೊಂಡು, ಮನೆಗೆ ಬಂದವರನ್ನೆಲ್ಲ ಪುರಾವೆ ಕೇಳುವ ನಲವತ್ತೈದರ ಆ ಮಹಾಶಯನಿಗೆ ಇದಕ್ಕಿಂತ ಅವಮಾನ ಬೇಕೆ?

"ಕಾಕತಾಳೀಯ ಇರ್ಬೇಕು ಮಾವ. ನಾಳೆಯೊಳಗೆ ಇದರ ಹುಟ್ಟಡಗಿಸ್ತೀನಿ!" ಎಂದು ಘೋಷಿಸಿಯೇಬಿಟ್ಟ.

ನಾಳೆ ಸಂಜೆ ನಿವೃತ್ತರ ಸಂಘದಲ್ಲಿ ಮಾವನ ಮೊಟ್ಟಮೊದಲ ಕಾರ್ಯಕ್ರಮ. ಅರವತ್ತೆಂಟರಲ್ಲಿ ಗಿಟಾರ್ ಹಿಡಿದ ಅವರು, ಯಾರೋ ಬಳಸಿ ಬಿಟ್ಟ, ಹಳೇ ರೇಡಿಯೋಗಳಂತೆ ಒಳಗೆ ಗಾಜಿನ ವಾಲ್ವ್‌ಗಳಿದ್ದ ಈ ಆಂಪ್ಲಿಫೈಯರನ್ನು ಹೊತ್ತು ತಂದದ್ದೇ ಅದಕ್ಕಾಗಿ.

ಪ್ರಯೋಗ ಆರಂಭವಾಯಿತು. ಮಾವನನ್ನು ಕುರ್ಚಿಯಲ್ಲಿ ಕೂರಿಸಿ ಇಪ್ಪತ್ತು ಬಾರಿ ಕೆಮ್ಮಿಸಿದ್ದಾಯಿತು. ಇಪ್ಪತ್ತಕ್ಕೆ ಇಪ್ಪತ್ತೂ ಪೆಟ್ಟಿಗೆ ಕೆಮ್ಮಿತು! ಹೋಲಿಕೆಗೆಂದು ಅಳಿಯ ತನ್ನ ಹೆಂಡತಿಯನ್ನೂ ಕರೆದ.

"ರೀ, ನಿಜವಾಗ್ಲೂ ಕೆಮ್ಮು ಬಂದಾಗ ಒಂದು ಲೋಟ ನೀರು ಕೊಟ್ಟೋರಲ್ಲ. ಈಗ ಕೆಮ್ಮು ಅಂತ ಗೋಗರೀತೀರಲ್ಲ!"

"ದತ್ತಾಂಶ ಕಣೇ, ದತ್ತಾಂಶ!"

ಅವಳು ಕೆಮ್ಮಲಿಲ್ಲ, ಗದರಿದಳು. ಪೆಟ್ಟಿಗೆಯೂ ಗದರಿತು.

ಹಿಂಬದಿಯ ಹಲಗೆ ಕಳಚಿ, ಕೆಂಪಗೆ ಕಾದ ವಾಲ್ವ್‌ಗಳನ್ನು ಪೆನ್ಸಿಲ್ಲಿನಿಂದ ಒಂದೊಂದಾಗಿ ತಟ್ಟಿದ. ಒಳಗೆ ನಾನೂರು ವೋಲ್ಟ್ ಇರುವುದರಿಂದ, ಕರೆಂಟು ಎದೆ ಹಾಯದಿರಲೆಂದು, ಬಲ್ಲವರು ಮಾಡುವಂತೆ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡಿದ್ದ. ಎರಡು ವಾಲ್ವ್ ಮೌನ. ಮೂರನೆಯದನ್ನು ಮುಟ್ಟಿದ್ದೇ ತಡ, ಢಣ್! ಒಳಗಿನ ತಗಡು ಸಡಿಲವಾಗಿ, ಕೇಳಿದ ಸದ್ದಿಗೆಲ್ಲ ನಡುಗುತ್ತ, ಆ ವಾಲ್ವ್ ತಾನೇ ಮೈಕಾಗಿ ಕೂತಿತ್ತು.

ಆದರೆ ಸಂಶಯವಾದಿ ಒಂದೇ ಸಾಕ್ಷ್ಯಕ್ಕೆ ತೀರ್ಪು ಕೊಟ್ಟಾನೆಯೇ? ಸ್ಪೀಕರಿನ ಅದುರಾಟವೇ ವಾಲ್ವನ್ನು ಅಲುಗಿಸುತ್ತಿರಬಹುದಲ್ಲ! ಸ್ಪೀಕರನ್ನು ಕಳಚಿ, ಉದ್ದನೆಯ ವೈರಿನಲ್ಲಿ ನಡುಮನೆಗೆ ಸಾಗಿಸಿ, ಬಾಗಿಲು ಮುಚ್ಚಿ, ವಾಲ್ಯೂಮನ್ನು ತುದಿ ಮುಟ್ಟಿಸಿದ. ನಡುಮನೆಯಲ್ಲಿ ಮಾವ, ಸಂಘದ ಅಧ್ಯಕ್ಷರೊಂದಿಗೆ ಚಹಾ ಕುಡಿಯುತ್ತಿದ್ದರು.

ಹೆಂಡತಿ ಕೋಣೆಗೆ ಬಂದಳು. "ಜೇಬಲ್ಲಿ ಕೈಯಿಟ್ಕೊಂಡು ದುಡಿಯೋರನ್ನ ಇವತ್ತೇ ನೋಡಿದ್ದು. ನಾಳೆಗೆ ಸರಿ ಹೋಗುತ್ತಾ? ಅಪ್ಪನ ಮರ್ಯಾದೆ ಪ್ರಶ್ನೆ ರೀ."

ಅವನು ಮೂಗು ವಾಲ್ವಿಗೆ ತಾಗುವಷ್ಟು ಬಗ್ಗಿ ಪಿಸುಗುಟ್ಟಿದ: "ವಾಲ್ವ್ ಬದಲಾಯಿಸಿದ್ರೆ ಪೆಟ್ಟಿಗೆ ಸರಿ ಹೋಗುತ್ತೆ. ನಿಮ್ಮಪ್ಪನ ತಾಳಕ್ಕೆ ಯಾವ ವಾಲ್ವ್ ಹಾಕೋಣ? ಹಾಡು ಪೂರ್ವಕ್ಕೆ ಹೊರಟ್ರೆ ಅವರು ಪಶ್ಚಿಮಕ್ಕೆ!"

ನಡುಮನೆಯಲ್ಲಿ ಕಪ್ಪೊಂದು ಬಿದ್ದು ಒಡೆಯಿತು. ಬಾಗಿಲು ತೆರೆಯಿತು.

"ಭೇಷ್ ಅಳಿಯಂದ್ರೇ!" ಎಂದರು ಮಾವ. "ಈಗ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸ್ತಿದೆ."

ಬೇರೆ ವಾಲ್ವ್ ಬಂತು. ಮರುದಿನ ಪೆಟ್ಟಿಗೆ ಕೆಮ್ಮಲಿಲ್ಲ, ಮಾವ ಎಂದಿನಂತೆ ಪಶ್ಚಿಮಕ್ಕೇ ಹೋದರು, ಚಪ್ಪಾಳೆಯೂ ಬಿತ್ತು. ಆ ಮಾತನ್ನು ಅವರು ಮತ್ತೆಂದೂ ಎತ್ತಲಿಲ್ಲ. ಮರೆತಿದ್ದಾರೆಂದು ಅಳಿಯ ನಂಬಿದ. ಜೀವಮಾನದಲ್ಲಿ ಪುರಾವೆಯಿಲ್ಲದೆ ಅವನು ನಂಬಿದ ಸಂಗತಿ ಅದೊಂದೇ.

ನಾಲ್ಕು ವರ್ಷದ ಬಳಿಕ ಮಾವ ತೀರಿಕೊಂಡ ವಾರ, ಮನೆಯಲ್ಲಿ ಯಾರೂ ಕಂಡಿರದ ಡ್ರಮ್ ಮೇಷ್ಟ್ರೊಬ್ಬರು ಮಾತಾಡಿಸಲು ಬಂದರು.

"ನಾಲ್ಕು ವರ್ಷ, ದಿನಾ ಬೆಳಿಗ್ಗೆ ಆರಕ್ಕೆ ತಾಳ ಕಲಿಯೋಕೆ ಬರ್ತಿದ್ರು," ಎಂದರು ಅವರು. "ವಾಕಿಂಗ್ ಅಂತ ಮನೇಲಿ ಹೇಳಿದ್ದೀನಿ ಅನ್ನೋರು. ಈ ವಯಸ್ಸಲ್ಲಿ ನಿಮ್ಮನ್ನ ಯಾರು ಕಳ್ಸಿದ್ದು ಸಾರ್ ಅಂತ ಕೇಳಿದ್ರೆ, ನಗ್ತಾ 'ನಮ್ಮನೆ ಆಂಪ್ಲಿಫೈಯರ್' ಅಂದ್ಬಿಡೋರು."