ವಿಸ್ಕಿ ಸೌರ್ ಕಲಿಸಿದ ಗುರುಗಳಿಗೆ ಅಣ್ಣಿಗೇರಿಯ ಅಳಿಯನ ಅಹವಾಲು

ಯೂಟ್ಯೂಬಿನಲ್ಲಿ ಕರೀ ಜಾಕೀಟು ತೊಟ್ಟು ಕಾಕ್‌ಟೇಲ್ ವಿದ್ಯೆಯನ್ನು ಧಾರೆಯೆರೆಯುತ್ತಿರುವ ಮಾನ್ಯರೇ,

ಅಣ್ಣಿಗೇರಿಯ ಗೌರೀಶನ ಅನಂತ ನಮಸ್ಕಾರಗಳು. ತಾವೂ ತಮ್ಮ ಐಸ್ ತುಂಡುಗಳೂ ಕ್ಷೇಮವೆಂದು ಭಾವಿಸುತ್ತೇನೆ.

‘ಮನೆಯಲ್ಲೇ ವಿಸ್ಕಿ ಸೌರ್’ ಎಂಬ ತಮ್ಮ ಪಾಠವನ್ನು, ಸೌರ್ ಅಂದರೆ ಸೂರ್ಯನಿಗೆ ಸಂಬಂಧಿಸಿದ್ದಲ್ಲ, ಹುಳಿ ಎಂದು ಖಾತ್ರಿಯಾದ ಮೇಲೆ, ಹೋದ ತಿಂಗಳು ಹೆಂಡತಿ ಅಮೃತಾ ಸೀರೆ ತರಲು ಹುಬ್ಬಳ್ಳಿಗೆ ಹೋದ ರವಿವಾರದ ಮಧ್ಯಾಹ್ನ ಶ್ರದ್ಧೆಯಿಂದ ಆಚರಣೆಗೆ ತಂದೆ. ಚಟ್ನಿಪುಡಿಯ ಸ್ಟೀಲ್ ಡಬ್ಬಿ ತೊಳೆದು, ವಿಸ್ಕಿ, ಲಿಂಬೆರಸ, ಸಕ್ಕರೆ ಪಾಕ, ಐಸ್ ಹಾಕಿ, ತಮ್ಮಂತೆಯೇ ಕಿವಿಯ ಬಾಜು ಹಿಡಿದು ಎಷ್ಟು ಭಕ್ತಿಯಿಂದ ಕುಲುಕಿದೆನೆಂದರೆ, ಬಾಗಿಲು ಬಡಿದ ಸದ್ದೇ ಕೇಳಲಿಲ್ಲ. ಲೋಟಕ್ಕೆ ಬಗ್ಗಿಸಿ ತಲೆ ಎತ್ತಿದರೆ ಎದುರಿಗೆ ಮಾವನವರು! ಕುಬಿಹಾಳದ ಮಡಿವಾಳೆಪ್ಪ ಮಾಸ್ತರರು, ಕುಡಿತದ ವಿರುದ್ಧ ಊರೂರು ತಿರುಗಿ ಭಾಷಣ ಮಾಡಿದವರು, ಹೆಣ್ಣು ಕೊಡುವ ಮುಂಚೆ ನನಗೆ ಒಂದೇ ಪ್ರಶ್ನೆ ಕೇಳಿದವರು: “ನೀವು ಕುಡೀತೀರೇನು?”

“ಏನ್ ಮಾಡಾಕತ್ತೀರಿ?” ಎಂದರು.

“ಲಿಂಬೀ ಪಾನಕರಿ.”

“ಬಿಸಿಲಾಗ ಬಂದೀನಿ, ಕೊಡ್ರಿ ಇಲ್ಲೆ.”

ನನ್ನ ಸಂಸಾರ ಇಲ್ಲಿಗೆ ಮುಗಿಯಿತೆಂದು ಲೋಟವನ್ನು ಅವರ ಕೈಗಿತ್ತೆ. ಅವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಮತ್ತೊಂದು ಗುಟುಕು. ಆಮೇಲೆ ವರ್ಗದಲ್ಲಿ ಲೆಕ್ಕ ತಿದ್ದುವ ದನಿಯಲ್ಲಿ, “ಸಕ್ಕರಿ ಹೆಚ್ಚಾತು. ತತ್ತೀದು ಬಿಳೇದು ಹಾಕಿ ಕುಲುಕಿದ್ರ ಅಗದಿ ನೊರಿ ಬರ್ತಿತ್ತು. ಹಾಕಿಲ್ಲೇನು?” ಎಂದರು.

ಮೊಟ್ಟೆಯ ಬಿಳಿಭಾಗ ಹಾಕಬೇಕೆಂದು ತಾವೂ ಬೋಧಿಸಿದ್ದಿರಿ, ನಿಜ; ಆದರೆ ನಮ್ಮ ಅಡಿಗೆಮನೆಗೆ ತತ್ತಿ ತರುವಷ್ಟು ಕೆಟ್ಟವನು ನಾನಲ್ಲ. ಅವರಿಗೆ ಈ ವಿದ್ಯೆ ಎಲ್ಲಿ ದಕ್ಕಿತೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಂದಿನಿಂದ ಮಾವನವರು ಪ್ರತಿ ರವಿವಾರ ಲಿಂಬೆಹಣ್ಣಿನ ಚೀಲ ಹಿಡಿದು ದಯಮಾಡಿಸುತ್ತಾರೆ. ಲಿಂಬೆ ಅವರದು, ವಿಸ್ಕಿ ನನ್ನದು. “ಅಳಿಯಂದ್ರು ಎಷ್ಟ್ ಛಲೋ ನೋಡ್ರಿ, ಇವ್ರಿಗೆ ಮಾತಾಡಾಕ ಜೋಡಿ ಆದ್ರು” ಎಂದು ಅತ್ತೆ ಮಲ್ಲಕ್ಕನವರು ಓಣಿ ತುಂಬ ಹೊಗಳುತ್ತಿದ್ದಾರೆ. ಎರಡು ಮನೆತನಗಳನ್ನು ಹೀಗೆ ಬೆಸೆದ ತಮ್ಮ ಉಪಕಾರಕ್ಕೆ ಬೆಲೆ ಕಟ್ಟಲಾರೆ. ವಿಸ್ಕಿಯ ಬೆಲೆಯನ್ನಂತೂ ಇನ್ನು ತೆರಲಾರೆ. ಆದ್ದರಿಂದ, ವಿಸ್ಕಿಯೇ ಇಲ್ಲದ, ಆದರೆ ಮಾಸ್ತರರಿಗೆ ಅದು ಗೊತ್ತಾಗದಂಥ ವಿಸ್ಕಿ ಸೌರ್ ಒಂದನ್ನು ಶೀಘ್ರವೇ ಕಲಿಸಿಕೊಡಬೇಕೆಂದು ಕೈಮುಗಿದು ಬೇಡುತ್ತೇನೆ.

ಖಾಲಿ ಬಾಟಲಿಯ ಒಡೆಯನೂ
ತಮ್ಮ ವಿಶ್ವಾಸಿಯೂ ಆದ
ಗೌರೀಶ

ತಾ.ಕ.: ಅಮೃತಾಳಿಗೆ ಎಲ್ಲ ಗೊತ್ತಾಯಿತು. ತಮ್ಮ ವಿಡಿಯೋ ಪೂರಾ ನೋಡಿ, “ಈ ಮನಶ್ಯಾ ಕುಲುಕೂದಕ್ಕಿಂತ ಮಾತಾಡೂದ ಹೆಚ್ಚು. ಅತ್ತಾಗ ಸರೀರಿ, ನಾ ಮಾಡ್ತೀನಿ” ಎಂದು ಸೆರಗು ಸಿಕ್ಕಿಸಿದಳು. ಅಪ್ಪ ಮಗಳು ಲೋಟಕ್ಕೆ ಲೋಟ ತಾಗಿಸಿದ್ದನ್ನು ನೋಡಿದ ಮೇಲೆ ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ: ಆಕೆಯದು ತಮ್ಮದಕ್ಕಿಂತ ಛಲೋ ಆಗಿತ್ತು.