ಹಾಡಿದರೆ ಚಾಕ್ಲೇಟು

ದಣಿದವರ ಕೈಗೆ ಮನೆಬಾಗಿಲಿನ ಅಧಿಕಾರ ಕೊಡಬಾರದು. ನಿದ್ದೆಗೆಟ್ಟ ತಲೆಗೆ ಹೊಸದೇನೂ ಹೊಳೆಯುವುದಿಲ್ಲ. ಚಿಕ್ಕಂದಿನಲ್ಲಿ ಕಲಿತದ್ದೇ ತಾನಾಗಿ ಬಾಯಿಗೆ ಬಂದುಬಿಡುತ್ತದೆ. ಒಂದು ಸೆಮಿಸ್ಟರ್ ಓದಲೆಂದು ನಾನು ಮೈಸೂರಿನಿಂದ ಶಿಕಾಗೋಗೆ ಬಂದವಳು. ಇರುವುದು ಅದರ ಹೊರವಲಯದ ಅರೋರಾದಲ್ಲಿ, ಅಮ್ಮನ ಗೆಳತಿ ಸುಧಾ ಆಂಟಿಯ ಬೇಸ್‌ಮೆಂಟಿನಲ್ಲಿ. ಬೆಳಿಗ್ಗೆ ರೈಲು, ಸಂಜೆ ರೈಲು, ಉಳಿದ ಹೊತ್ತೆಲ್ಲ ಅಸೈನ್‌ಮೆಂಟು. ವಿದೇಶದ ವಿದ್ಯಾಭ್ಯಾಸವೆಂದರೆ ಹೆಚ್ಚಿನಂಶ ಕಿಟಕಿಗೆ ತಲೆ ಆನಿಸಿ ತೂಕಡಿಸುವುದು ಎಂದು ಊರಲ್ಲಿ ಯಾರೂ ಹೇಳಿರಲಿಲ್ಲ.

ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಚಾಕ್ಲೇಟು ಕೇಳಲು ಬರುವ ಹ್ಯಾಲೋವೀನ್ ದಿನ ಬೆಳಿಗ್ಗೆಯೇ ಆಂಟಿಯ ಮಗಳು ಅನಿಕಾ ನನಗೆ ಎಚ್ಚರಿಕೆ ಕೊಟ್ಟಿದ್ದಳು. ಮೂರನೇ ಕ್ಲಾಸಿನ ಹುಡುಗಿ, ಈ ಊರಿಗೆ ಈ ವರ್ಷ ಬಂದವಳು, ಗೆಳತಿಯರು ಈಗಷ್ಟೇ ಸಿಕ್ಕಿದ್ದರು. ಯಾರ ಮನೆ ಒಳ್ಳೆಯದು, ಯಾರ ಮನೆ ವಿಚಿತ್ರ ಎಂದು ಮಾರನೆಯ ದಿನ ಸ್ಕೂಲಿನಲ್ಲಿ ತೀರ್ಪಾಗುತ್ತದಂತೆ. "ಅಕ್ಕ, ಪ್ಲೀಸ್, ಡೋಂಟ್ ಬಿ ವಿಯರ್ಡ್," ಎಂದಳು. ತಾನು ಯಾವ ವೇಷ ಹಾಕುತ್ತೇನೆಂದು ಮಾತ್ರ ಹೇಳಲಿಲ್ಲ, ಅದು ಸೀಕ್ರೆಟ್ಟಂತೆ.

ಸಂಜೆ ನಾನು ಬರುವಷ್ಟರಲ್ಲಿ ಅಂಕಲ್ ಅವಳನ್ನು ಕರೆದುಕೊಂಡು ಹೊರಟುಬಿಟ್ಟಿದ್ದರು. ಆಂಟಿ ಆಸ್ಪತ್ರೆಯ ಡ್ಯೂಟಿಗೆ ಹೊರಟು ನಿಂತಿದ್ದವರು ಬೇಸಿನ್ ತುಂಬ ಚಾಕ್ಲೇಟನ್ನು ನನ್ನ ಕೈಗಿಟ್ಟರು. "ಬಾಗ್ಲು ತೆಗಿ, ಕೊಡು, ಬಾಗ್ಲು ಹಾಕು. ಅಷ್ಟೇ ಕಣೇ. ಯಾರನ್ನೂ ಒಳಕ್ಕೆ ಕರೀಬೇಡ, ಕಾಫಿ ಕೊಡ್ತೀನಿ ಅನ್ಬೇಡ."

ತೆಗೆದೆ, ಕೊಟ್ಟೆ, ಹಾಕಿದೆ. ಕುಳಿತರೆ ಬೆಲ್, ಎದ್ದರೆ ಬೆಲ್. ಸ್ವಲ್ಪ ಹೊತ್ತಿಗೆ ಕುಂಬಳಕಾಯಿ ವೇಷದ ಒಂದು ಪುಟ್ಟ ಮಗು ಚೀಲ ಒಡ್ಡಿ ನಿಂತಿತು. ಬೇಸಿನ್ ಕಂಕುಳಲ್ಲಿಟ್ಟುಕೊಂಡು ನಾನು ಇಂಗ್ಲಿಷಿನಲ್ಲಿ, "ಮೊದಲು ಒಂದು ಹಾಡು ಹೇಳು ಪುಟ್ಟಾ," ಎಂದುಬಿಟ್ಟೆ. ಇದರಲ್ಲಿ ನನ್ನ ತಪ್ಪೇನಿದೆ? ಮೈಸೂರಿನ ದಸರೆಯಲ್ಲಿ ನಾವೂ ಹೀಗೇ ಸಂಜೆಯ ಹೊತ್ತು ಗುಂಪು ಕಟ್ಟಿಕೊಂಡು, "ಗೊಂಬೆ ಕೂರ್ಸಿದೀರಾ?" ಎಂದು ಮನೆಮನೆಗೆ ನುಗ್ಗುತ್ತಿದ್ದವರು. ಹಾಡದೆ ಯಾರೂ ತಿಂಡಿ ಕೊಡುತ್ತಿರಲಿಲ್ಲ. ನನ್ನ ಕಂಠಕ್ಕಂತೂ ಬೀದಿಯಲ್ಲಿ ಹೆಸರಿತ್ತು. ಮೂಲೆಮನೆಯ ಅಜ್ಜಿ ನಾನು ಬಾಯಿ ತೆರೆಯುವ ಮುಂಚೆಯೇ ಕೈಗೆ ರವೆಉಂಡೆ ಇಟ್ಟು, "ಸಾಕು ಕಂದ, ಮುಂದಿನ ಮನೇಲಿ ಹಾಡ್ಕೋ," ಎಂದು ಸಾಗಹಾಕುತ್ತಿದ್ದರು.

ಕುಂಬಳಕಾಯಿ ಎ ಬಿ ಸಿ ಡಿ ಹಾಡಿತು. ಅದರ ತಾಯಿ ಫೋನಿನಲ್ಲಿ ವಿಡಿಯೋ ಹಿಡಿದಳು. ಅಲ್ಲಿಗೆ ನನಗೆ ಅಧಿಕಾರದ ರುಚಿ ಹತ್ತಿತು. ಡೈನೋಸಾರ್ ಹಾಡಿತು, ಕಡಲ್ಗಳ್ಳ ಗೊಣಗಿದ, ಒಬ್ಬ ಅಸ್ಥಿಪಂಜರ ಬೇಜಾರಿನಿಂದ ಶಿಳ್ಳೆ ಹಾಕಿದ. ಡ್ರೈವ್‌ವೇವರೆಗೂ ಸಾಲು ಬೆಳೆಯಿತು.

ಆಮೇಲೆ ಬಂದ ಗುಂಪಿನಲ್ಲಿ ಬಿಳಿ ದುಪ್ಪಟಿ ಹೊದ್ದ ಒಂದು ದೆವ್ವವಿತ್ತು. ಮಾಟಗಾತಿ ಹಾಡಿದಳು, ತೋಳವೂ ಹಾಡಿತು, ದೆವ್ವ ಮಾತ್ರ ಅಲ್ಲಾಡಲಿಲ್ಲ. "ನೋ ಸಾಂಗ್, ನೋ ಕ್ಯಾಂಡಿ," ಎಂದು ನಾನು ಗದರಿದೆ. ದುಪ್ಪಟಿಯೊಳಗಿಂದ ಅಳು ತಡೆದ ಸಣ್ಣ ದನಿ ಬಂತು: "ಅಕ್ಕಾ... ಐ ಟೋಲ್ಡ್ ಯು."

ನನ್ನ ನಿದ್ದೆಯೆಲ್ಲ ಹಾರಿಹೋಯಿತು. ಪ್ರತಿ ಶನಿವಾರ ಯಾರದಾದರೂ ಮನೆಯ ಊಟದಲ್ಲಿ ಅನಿಕಾಳನ್ನು ನಿಲ್ಲಿಸಿ ಹಾಡು ಹಾಡು ಎಂದು ಪೀಡಿಸುತ್ತಾರೆ. ಅವಳು ಹೋಗಿ ಬಾತ್‌ರೂಮಿನಲ್ಲಿ ಚಿಲಕ ಹಾಕಿಕೊಳ್ಳುತ್ತಾಳೆ. ಯಾರೂ ಹಾಡು ಎನ್ನದ ಒಂದೇ ಒಂದು ಸಂಜೆ ಸಿಕ್ಕಿತೆಂದು ಮಗು ಮುಸುಕು ಹಾಕಿಕೊಂಡು ಬಂದರೆ, ಅವಳದೇ ಮನೆಯ ಬಾಗಿಲಲ್ಲಿ, ಅವಳ ಗೆಳತಿಯರ ಎದುರಿಗೆ, ನಾನು ನಿಂತಿದ್ದೆ. "ವೇಟ್, ಇದು ನಿನ್ನ ಮನೆಯಾ?" ಎಂದು ಮಾಟಗಾತಿ ಇಂಗ್ಲಿಷಿನಲ್ಲಿ ಕೇಳಿಯೂಬಿಟ್ಟಳು.

"ಸಾರಿ, ರೂಲ್ ತಪ್ಪು ಹೇಳಿದೆ," ಎಂದೆ. "ದೆವ್ವ ಬಂದರೆ ಮನೆಯವರೇ ಹಾಡಬೇಕು." ಹೇಳಿದ ಮೇಲೆ ಬೇರೆ ದಾರಿಯಿರಲಿಲ್ಲ. ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿಯಲ್ಲಿ, ಹವಾಯಿ ಚಪ್ಪಲಿಯಲ್ಲಿ ನಿಂತು, ನನಗೆ ಬರುವ ಒಂದೇ ದೇವರನಾಮವನ್ನು ಪಲ್ಲವಿಯಿಂದ ಎತ್ತಿಕೊಂಡೆ. ತೋಳ ಕಿವಿ ಮುಚ್ಚಿಕೊಂಡಿತು. ಹಿಂದೆ ನಿಂತಿದ್ದ ಕಡಲ್ಗಳ್ಳನೊಬ್ಬ ಅಪ್ಪನ ಕಾಲು ತಬ್ಬಿದ. ಅಂಕಲ್ ಫುಟ್‌ಪಾತಿನ ಮೇಲೆ ನಾನು ಯಾರೋ ಎಂಬಂತೆ ಫೋನ್ ನೋಡತೊಡಗಿದರು. ದುಪ್ಪಟಿ ಗಡಗಡ ಅಲುಗುತ್ತಿತ್ತು. ಅಳುತ್ತಿದ್ದಾಳೆಂದು ಹೆದರಿದೆ; ಅಲ್ಲ, ನಗು.

ಮಾರನೆಯ ದಿನ ಸ್ಕೂಲಿಂದ ಓಡಿಬಂದ ಅನಿಕಾ ತೀರ್ಪು ಹೇಳಿದಳು: "ಅಕ್ಕ, ಎವ್ರಿಬಡಿ ಸೇಸ್ ಅವರ್ ಹೌಸ್ ವಾಸ್ ದಿ ಸ್ಕೇರಿಯೆಸ್ಟ್!" ಹ್ಯಾಲೋವೀನಿನಲ್ಲಿ ಇದಕ್ಕಿಂತ ದೊಡ್ಡ ಬಿರುದಿಲ್ಲವಂತೆ.

ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಶನಿವಾರ ಬಂತು. ಗ್ಲೆಂಡೇಲ್ ಹೈಟ್ಸಿನ ಒಬ್ಬರ ಮನೆಯಲ್ಲಿ ಊಟವಾದ ಮೇಲೆ ಎಲ್ಲರೂ ಎಂದಿನಂತೆ, "ಅನಿಕಾ ಪುಟ್ಟೀ, ಒಂದು ಹಾಡು," ಎಂದು ಶುರು ಮಾಡಿದರು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ ಅಚ್ಚ ಕನ್ನಡದಲ್ಲಿ, "ನಂಗೆ ಬೇಡ. ಅಕ್ಕ ಹಾಡ್ತಾಳೆ, ಚೆನ್ನಾಗಿ ಹಾಡ್ತಾಳೆ," ಎಂದಳು. ನಾನು ಬಾತ್‌ರೂಮಿನ ಕಡೆ ಎದ್ದೆ. ಅವಳು ಆಗಲೇ ಬಾಗಿಲಿಗೆ ಅಡ್ಡ ನಿಂತಿದ್ದಳು. "ನೋ ಸಾಂಗ್, ನೋ ಜಾಮೂನ್."

ಹಾಡಿದೆ. ಪಲ್ಲವಿಯ ಮೊದಲ ಸಾಲು ಮುಗಿಯುವ ಮುಂಚೆಯೇ ಆ ಮನೆಯ ಆಂಟಿ ಓಡಿಬಂದು ಜಾಮೂನಿನ ಬಟ್ಟಲನ್ನು ನನ್ನ ಕೈಗಿಟ್ಟರು.