ಯಜಮಾನರನ್ನು ಎತ್ತುವ ಪಟ್ಟು

ಮುದ್ದೆ ಕಟ್ಟುವುದನ್ನು ಕಲಿಯಬೇಕಾದರೆ ಮುದ್ದೆಯನ್ನೇ ಕಟ್ಟಬೇಕು. ದೋಸೆ ಹುಯ್ಯುತ್ತಾ ಕೂತರೆ ಮುದ್ದೆ ಬರುತ್ತದೆಯೇ? ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟ ನನಗೂ ಇಷ್ಟು ಗೊತ್ತಿತ್ತು. ಆದ್ದರಿಂದ ಮೊಮ್ಮಗಳು ನಂದಿನಿ ಕರಾಟೆ ಕ್ಲಾಸಿನಿಂದ ಬಂದು, "ಅಜ್ಜಿ, ಕರಾಟೆ ಚೆನ್ನಾಗ್ ಬರ್ಬೇಕು ಅಂದ್ರೆ ಬೇರೆ ಆಟಾನೂ ಆಡ್ಬೇಕಂತೆ. ಈಜ್ಬೇಕು, ಹಗ್ಗ ಹಾರ್ಬೇಕು. ನಂಗೆ ಕಾಲು ನಿಲ್ಲಲ್ವಲ್ಲ, ಅದ್ಕೆ ಒಸಿ ಕುಸ್ತೀನೂ ಕಲಿ ಅಂದ್ರು ಮೇಷ್ಟ್ರು" ಎಂದಾಗ, "ಅವ್ನಿಗೆ ಬರೋ ಪಾಠ ಮುಗ್ದೋಗದೆ ಕಣಮ್ಮಿ, ಅದ್ಕೇ ಬೇರೆಯೋರ್ ಮನೆಗೆ ಅಟ್ತಾವ್ನೆ" ಎಂದುಬಿಟ್ಟೆ.

ನನ್ನ ತಲೆಯಲ್ಲಿ ಬೇರೆ ಚಿಂತೆಯಿತ್ತು. ನಮ್ಮ ಯಜಮಾನರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಒಂದು ಕಾಲಕ್ಕೆ ಹೆಮ್ಮರಗಾಲದ ಸುತ್ತಮುತ್ತ ಪೈಲ್ವಾನ್ ಎಂದರೆ ಅವರೇ. ಗರಡಿಯೊಳಗೆ ಹೆಂಗಸರು ಕಾಲಿಡುವಂತಿರಲಿಲ್ಲ. ಕೆಮ್ಮಣ್ಣು ಮೆತ್ತಿದ ಅವರ ಲಂಗೋಟಿ ಒಗೆದದ್ದೇ ನನ್ನ ಕುಸ್ತಿ. ಅಂಥ ದೇಹವನ್ನು ಈಗ ಮಂಚದಿಂದ ಬಚ್ಚಲಿಗೆ ಸಾಗಿಸುವವಳು ನಾನು. ಬಾವಿಯಿಂದ ಕೊಡ ಸೇದುವ ಹಾಗೆ ಎರಡು ತೋಳು ಹಿಡಿದು ಎಳೆಯುತ್ತಿದ್ದೆ. ಒಂದು ದಿನ ಇಬ್ಬರೂ ಬಿದ್ದೆವು. ನಂಜನಗೂಡಿನ ನಮ್ಮ ಬೀದಿಯ ಜನವೆಲ್ಲ ಬಂದು ಎತ್ತಬೇಕಾಯಿತು.

ಅವತ್ತು ಸಾಯಂಕಾಲ ಕೆಲಸದಿಂದ ಬಂದ ಕಿರಿಮಗ ಮಹದೇವ, "ನಿನ್ ಕೈಲಿ ಆಗಕಿಲ್ಲ ಕಣವ್ವ. ಅಪ್ಪನ್ನ ನರಸೀಪುರಕ್ಕೆ ಕಳಿಸ್ಬುಡಮ. ಅಣ್ಣನ ಮಕ್ಕಳಿಬ್ರೂ ಎತ್ತಿನಂಗವ್ರೆ, ನೋಡ್ಕತಾರೆ" ಎಂದ.

"ನಾನೂ ಓಯ್ತೀನಿ."

"ನೀನೋದ್ರೆ ನಮ್ಗೆ ಬೇಯ್ಸಾಕೋರ್ ಯಾರವ್ವ? ನಾವ್ ಗಂಡ ಹೆಂಡ್ತಿ ಇಬ್ರೂ ಕೆಲ್ಸಕ್ಕೋಗೋರು."

ಯಜಮಾನರು ಗೋಡೆ ಕಡೆ ಮುಖ ಮಾಡಿದರು. ಬರುವ ತಿಂಗಳು ಹಿರಿಮಗ ಬಂದು ಕರೆದುಕೊಂಡು ಹೋಗುವುದೆಂದು ಮಾತಾಯಿತು. ಅಷ್ಟು ವರ್ಷ ಜೊತೆಯಲ್ಲಿದ್ದವರನ್ನು ಎತ್ತಲಾರದ ತಪ್ಪಿಗೆ ಬಿಟ್ಟುಕೊಡಬೇಕಿತ್ತು.

ನಂದಿನಿ ತಾತನ ಹತ್ತಿರ ಹೋಗಿ ಕುಸ್ತಿ ಎಂದದ್ದೇ ತಡ, ಗೋಡೆ ನೋಡುತ್ತಿದ್ದ ಮನುಷ್ಯ ಈ ಕಡೆ ತಿರುಗಿದರು. ಅವರ ತೊದಲು ನನ್ನೊಬ್ಬಳಿಗೇ ಅರ್ಥವಾಗುತ್ತಿತ್ತು. "ಎದುರಿಗೆ ಆಳು ಬೇಕಂತೆ" ಎಂದೆ. ಅವರು ಸರಿಯಿದ್ದ ಕೈಯಿಂದ ನನ್ನನ್ನು ತೋರಿಸಿದರು.

"ನಿಮ್ ಬುದ್ಧಿಗೂ ಲಕ್ವ ಹೊಡೀತಾ?" ಎಂದೆ. ಆದರೂ ಅವರ ಮಂಚವನ್ನು ಹಿತ್ತಿಲ ಬಾಗಿಲಿಗೆ ಎಳೆಸಿ, ಸೀರೆ ಎತ್ತಿ ಕಟ್ಟಿ, ಬದನೆ ಗಿಡದ ಪಕ್ಕ ನಿಂತೆ. ನಂದಿನಿ ನನ್ನನ್ನು ಕೆಡವುವುದು, ನಾನು ಅವಳನ್ನು ಹಿಡಿಯುವುದು. ಪಕ್ಕದ ಮನೆಯವಳು ಗೋಡೆ ಮೇಲಿಂದ, "ಏನಕ್ಕ, ಮೊಮ್ಮಗ್ಳು ಹೊಡೀತಾವ್ಳಾ?" ಎಂದಳು. "ಇಲ್ಲ ಕಣವ್ವ, ಇಸ್ಕೂಲ್ ಪಾಠ ಓದ್ತಾವ್ಳೆ" ಎಂದೆ.

ವಿಚಿತ್ರವೆಂದರೆ ಯಜಮಾನರು ಅವಳಿಗೆ ಹೇಳಿದ್ದಕ್ಕಿಂತ ನನಗೆ ಬೈದದ್ದೇ ಹೆಚ್ಚು. ತೋಳು ಎಳೀಬೇಡ. ಕಾಲು ಅಗಲಿಸು. ಮಂಡಿ ಬಗ್ಗಿಸು. ಎದೆಗೆ ಎದೆ ಕೊಟ್ಟು ಸೊಂಟಕ್ಕೆ ಪಟ್ಟು ಹಾಕು. ನನಗೆ ಬಂದ ಬೈಗುಳವನ್ನು ನಾನೇ ಬಿಡಿಸಿ ಹೇಳಿ ನಂದಿನಿಗೆ ಕಲಿಸಬೇಕಿತ್ತು! ಅವಳು ಮೈಸೂರಿನ ಕರಾಟೆ ಪಂದ್ಯದಲ್ಲಿ ಸೋತಳು. ಆದರೆ ಒಂದು ಸಲವೂ ಕೆಳಗೆ ಬೀಳಲಿಲ್ಲ.

ಹಿರಿಮಗ ಕಾರು ಮಾಡಿಕೊಂಡು ಬಂದೇಬಿಟ್ಟ. ಅಣ್ಣತಮ್ಮ ಇಬ್ಬರೂ ಬಾಗಿಲಲ್ಲಿದ್ದರು. ನಾನು ಮಂಚದ ಮುಂದೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಯಜಮಾನರ ಎದೆಗೆ ಎದೆ ಕೊಟ್ಟು ಸೊಂಟ ಬಿಗಿದೆ. ಎದ್ದರು. ಇಬ್ಬರೂ ನಿಂತೆವು. ಹಿತ್ತಿಲಲ್ಲಿ ನಡೆದದ್ದು ಯಾರ ಪಾಠವೆಂದು ಆಗ ತಿಳಿಯಿತು. ನನ್ನ ಹೆಗಲ ಮೇಲೆ ಗಲ್ಲವಿಟ್ಟು ಅವರು ಏನೋ ಹೇಳಿದರು.

"ಏನಂದ್ರವ್ವ ಅಪ್ಪ?" ಎಂದ ಮಹದೇವ.

ಊರವರನ್ನೆಲ್ಲ ಗರಡಿಗೆ ಸೇರಿಸಿಕೊಂಡು ನಿನ್ನೊಬ್ಬಳನ್ನು ಹೊರಗೆ ನಿಲ್ಲಿಸಿದೆನಲ್ಲ ಎಂದಿದ್ದರು. ಬೆಳೆದ ಗಂಡುಮಕ್ಕಳ ಮುಂದೆ ಅದನ್ನೆಲ್ಲ ಹೇಳುವುದುಂಟೇ? "ಕಾಪಿ ಬೇಕಂತೆ" ಎಂದೆ.

ಕಾರು ಖಾಲಿ ಹೋಯಿತು. ಅವರು ಮತ್ತೂ ಎರಡು ಮಳೆಗಾಲ ನನ್ನ ಕೈಯಲ್ಲೇ ಎದ್ದು ಕೂತರು. ಆಮೇಲೆ ಒಂದು ಬೆಳಗ್ಗೆ ಎತ್ತಲು ಹೋದರೆ ಆ ಕಡೆಯಿಂದ ಉಸಿರಿನ ಸಹಾಯವೇ ಇಲ್ಲ. ನಮ್ಮಲ್ಲಿ ಸತ್ತವರನ್ನು ಕೂರಿಸುತ್ತಾರೆ. ಅವರು ಎಡಕ್ಕೆ ವಾಲಿ ವಾಲಿ ಗಂಡಸರಿಗೆ ಸಾಕಾಯಿತು. "ಅತ್ಲಾಗ್ ಸರೀರಿ" ಎಂದು ನಾನೇ ಹಿಡಿದು ನೆಟ್ಟಗೆ ಕೂರಿಸಿದೆ. ಕಣ್ಣಲ್ಲಿ ಒಂದು ಹನಿ ಬರಲಿಲ್ಲ. ಕಲ್ಲಿನಂಥ ಹೆಂಗಸು ಎಂದು ಯಾರೋ ಪಿಸುಗುಟ್ಟಿದರು, ಸುಳ್ಳೇನಲ್ಲ.

ಮಣ್ಣು ಮಾಡಿ ಬಂದ ಮೇಲೆ ಹಾಸಿಗೆ ಹೊರಗೆ ಹಾಕಬೇಕೆಂದರು. ಅದನ್ನೂ ಬೇರೆಯವರಿಗೆ ಬಿಡಲಿಲ್ಲ. ಎಂದಿನಂತೆ ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಅವರ ಭಾರಕ್ಕೆ ಎಷ್ಟು ಬೇಕೋ ಅಷ್ಟು ಬಲ ಹಾಕಿ ಎತ್ತಿದೆ. ಬರೀ ಹತ್ತಿ, ಹಗುರಾಗಿ ಬಂದುಬಿಟ್ಟಿತು. ನಾನು ಅಂಗಾತ ಬಿದ್ದೆ, ನನ್ನ ಮೇಲೆ ಹಾಸಿಗೆ. ನಂದಿನಿ ಓಡಿ ಬಂದು ಹಾಸಿಗೆ ಸರಿಸಿದಾಗ ನಾನು ಹೋ ಎಂದು ಅಳುತ್ತಿದ್ದೆ. ನೆಂಟರೆಲ್ಲ ಬಂದು ಏನಾಯಿತೆಂದು ಕೇಳಿದರು. ಸೊಂಟ ಉಳುಕಿತು ಎಂದೆ.